ಹೋದ ಪುಟ್ಟ, ಬಂದ ಪುಟ್ಟ: ಆಸ್ಪತ್ರೆ ಅಲೆದಾಟ ಮೊಬೈಲ್‌ನಿಂದ ತಪ್ಪುತ್ತಾ?

ನಮ್ಮ ಚಿಕ್ಕಮ್ಮ ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. ಸಕ್ಕರೆ ಕಾಯಿಲೆ ಇದೆ, ಜೊತೆಗೆ ಮಂಡಿ ನೋವು. ಹೋದ ವರ್ಷ ಸಕ್ಕರೆ ಸ್ವಲ್ಪ ಏರಿತ್ತು. ಅಷ್ಟಕ್ಕೆ ಅವರು ಎಷ್ಟು ಸಲ ಆಸ್ಪತ್ರೆಗೆ ಹೋಗಿ ಬಂದರು ಅಂತ ಕೂತು ಲೆಕ್ಕ ಹಾಕಿದೆವು. ನಾಲ್ಕು ಸಲ. ಮೊದಲ ಸಲ ಹೋದಾಗ ಡಾಕ್ಟರ್ ರಜೆ. ಎರಡನೇ ಸಲ ಡಾಕ್ಟರ್ ಸಿಕ್ಕರು, ನಾಳೆ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡಿ ಅಂದರು. ಮೂರನೇ ಸಲ ರಕ್ತ ಕೊಟ್ಟಿದ್ದಾಯಿತು, ರಿಪೋರ್ಟ್ ಸಂಜೆ ಬರುತ್ತೆ ಅಂದರು. ಸಂಜೆವರೆಗೆ ಕೂತರೆ ಊರಿಗೆ ಬಸ್ ಇಲ್ಲ. ನಾಲ್ಕನೇ ಸಲ ರಿಪೋರ್ಟ್ ತೋರಿಸಿದರು. ಡಾಕ್ಟರ್ ಅವರ ಜೊತೆ ಮಾತಾಡಿದ್ದು ಎಲ್ಲಾ ಸೇರಿಸಿದರೆ ಹತ್ತು ನಿಮಿಷ ಇರಬಹುದು. ಮಾತ್ರೆ ಹಳೆಯದೇ, ಒಂದರ ಬದಲು ಎರಡು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ಚಿಕ್ಕಮ್ಮನಿಗೆ ಸರ್ಕಾರಿ ಬಸ್ ಟಿಕೆಟ್ ಇಲ್ಲ. ಆದರೆ ಜೊತೆಗೆ ಹೋಗುವ ಚಿಕ್ಕಪ್ಪನಿಗೆ ಇದೆ. ಅವರ ನಾಲ್ಕು ದಿನದ ಕೆಲಸವೂ ಹೋಯಿತು. ಅದೂ ಕಡ್ಲೆಕಾಯಿ ಕೀಳುವ ಕಾಲದಲ್ಲಿ.

ಡಿಜಿಟಲ್ ಆರೋಗ್ಯ ಅಂದ ಕೂಡಲೇ ನಮಗೆ ಕಾಣುವ ಚಿತ್ರ ಒಂದೇ: ಹಳ್ಳಿಯ ಅಜ್ಜಿ ಮೊಬೈಲ್ ಹಿಡಿದು ಬೆಂಗಳೂರಿನ ದೊಡ್ಡ ಡಾಕ್ಟರ್ ಜೊತೆ ಮಾತಾಡುತ್ತಿರುವುದು. ಜಾಹೀರಾತಿಗೆ ಚೆನ್ನಾಗಿದೆ. ಆದರೆ ಚಿಕ್ಕಮ್ಮನ ತೊಂದರೆ ದೊಡ್ಡ ಡಾಕ್ಟರ್ ಸಿಗದೇ ಇದ್ದಿದ್ದಲ್ಲ. ನಾಲ್ಕರಲ್ಲಿ ಮೂರು ಸಲ ಸುಮ್ನೆ ಓಡಾಡಿದ್ದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳಲ್ಲಿ ಇಂಥ ಒಂದು ಡಿಜಿಟಲ್ ಪ್ಲಾಟ್‌ಫಾರ್ಮ್ ಒಳ್ಳೆಯದೋ ಅಲ್ಲವೋ ಅಂತ ನೋಡಲು ನನ್ನ ಅಳತೆಗೋಲು ಇಷ್ಟೇ: ಅದರಿಂದ ಎಷ್ಟು ಓಡಾಟ ಉಳಿಯಿತು?

ಈ ಮೂರೂ ಜಿಲ್ಲಾ ಕೇಂದ್ರಗಳು ಬೆಂಗಳೂರಿಗೆ ಹತ್ತಿರ. ತುಮಕೂರು, ಕೋಲಾರ ಎರಡೂ ಹೆಚ್ಚುಕಡಿಮೆ 70 ಕಿ.ಮೀ. ಚಿಕ್ಕಬಳ್ಳಾಪುರ ಇನ್ನೂ ಹತ್ತಿರ. ಹಾಗಾಗಿ ಇವು ಹಿಂದುಳಿದ ಕಡೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಆದರೆ ಜಿಲ್ಲಾ ಕೇಂದ್ರ ಬೇರೆ, ಜಿಲ್ಲೆಯ ಅಂಚು ಬೇರೆ. ಪಾವಗಡದಿಂದ ತುಮಕೂರಿಗೆ 100 ಕಿ.ಮೀ. ದಾಟುತ್ತದೆ. ಅದಕ್ಕೇ ಆ ಕಡೆಯವರು ಹಿಂದೂಪುರಕ್ಕೋ ಪುಟ್ಟಪರ್ತಿಗೋ ಹೋಗುತ್ತಾರೆ. ಕೋಲಾರ ಜಿಲ್ಲೆಯ ಗಡಿಯ ಜನ ಕುಪ್ಪಂಗೆ ಹೋಗುತ್ತಾರೆ, ದೊಡ್ಡ ಕಾಯಿಲೆ ಅಂದರೆ ವೆಲ್ಲೂರಿಗೆ. ಬೆಂಗಳೂರು ಹತ್ತಿರ ಇರುವುದರಿಂದ ಇನ್ನೊಂದು ತೊಂದರೆಯೂ ಇದೆ. ಸ್ವಲ್ಪ ಕಷ್ಟದ ಕೇಸ್ ಅಂದರೆ ಸಾಕು, 'ಬೆಂಗಳೂರಿಗೆ ಕರ್ಕೊಂಡು ಹೋಗಿ' ಅಂತ ಚೀಟಿ ಬರೆದುಕೊಡುವುದು ಸುಲಭ.

ದೂರದಿಂದಲೇ ವೈದ್ಯ ಅನ್ನುವುದು ಹೊಸ ವಿಚಾರ ಏನಲ್ಲ. 2000ನೇ ಇಸವಿಯಲ್ಲೇ ಕೋಲಾರದ ಪಕ್ಕದ ಚಿತ್ತೂರು ಜಿಲ್ಲೆಯ ಅರಗೊಂಡ ಅನ್ನುವ ಹಳ್ಳಿಯಲ್ಲಿ ಅಪೋಲೊ ಆಸ್ಪತ್ರೆಯವರು ಟೆಲಿಮೆಡಿಸಿನ್ ಶುರು ಮಾಡಿದ್ದರು. 2002ರಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರ ಮತ್ತು ಸರಗೂರಿನ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಆಗ ಅದಕ್ಕೆ ಆ್ಯಂಟೆನಾ, ಪ್ರತ್ಯೇಕ ಕೋಣೆ ಎಲ್ಲಾ ಬೇಕಿತ್ತು. ಈಗ ಒಂದು ಟ್ಯಾಬ್ ಸಾಕು.

ಈಗ ದೇಶದಲ್ಲಿ ಎಲ್ಲಕ್ಕಿಂತ ದೊಡ್ಡದು ಕೇಂದ್ರ ಸರ್ಕಾರದ ಇ-ಸಂಜೀವಿನಿ. 2019ರ ನವೆಂಬರ್‌ನಲ್ಲಿ ಶುರುವಾಯಿತು. 2023ರ ಫೆಬ್ರವರಿ ಹೊತ್ತಿಗೆ 10 ಕೋಟಿ ಸಮಾಲೋಚನೆ ದಾಟಿತು. ಇದಕ್ಕೆ ಎರಡು ಬಾಗಿಲು ಇವೆ. ಒಂದು, ರೋಗಿ ತನ್ನ ಫೋನಿನಿಂದಲೇ ನೇರವಾಗಿ ಡಾಕ್ಟರನ್ನು ಕಾಣುವುದು. ಇನ್ನೊಂದು, ಊರಿನ ಆರೋಗ್ಯ ಉಪಕೇಂದ್ರಕ್ಕೆ ಹೋಗುವುದು. ಅಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ, ಶುಗರ್ ನೋಡಿ, ತಾವೇ ವಿಡಿಯೋ ಕಾಲ್ ಮಾಡಿ ಡಾಕ್ಟರ್ ಜೊತೆ ಮಾತಾಡಿಸುತ್ತಾರೆ. ಜನ ಇವರನ್ನು ಸಿಎಚ್‌ಒ ಅನ್ನುತ್ತಾರೆ, ಇನ್ನೂ ಜಾಸ್ತಿ ಜನ 'ಸಿಸ್ಟರ್' ಅನ್ನುತ್ತಾರೆ.

ನಮ್ಮ ಕಡೆ ಕೆಲಸ ಮಾಡುವುದು ಎರಡನೇ ಬಾಗಿಲು. ಮೊದಲನೆಯದನ್ನು ನಾವೂ ಪ್ರಯತ್ನ ಮಾಡಿದೆವು. ಚಿಕ್ಕಮ್ಮನ ನಂಬರ್ ಹಾಕಿದರೆ ಒಟಿಪಿ ಹೋಗುವುದು ಪೀಣ್ಯದಲ್ಲಿ ಕೆಲಸ ಮಾಡುವ ಮಗನ ಫೋನಿಗೆ. ಸಿಮ್ ಅವನ ಹತ್ತಿರವೇ ಇದೆ. ಅವನು ಶಿಫ್ಟ್‌ನಲ್ಲಿದ್ದ. ಅವನು ಬಿಡುವಾಗಿ ಫೋನ್ ನೋಡುವಷ್ಟರಲ್ಲಿ ಒಟಿಪಿ ಸಮಯ ಮುಗಿದಿತ್ತು. ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಒಂದೇ, ಅದೂ ಮನೆಯಲ್ಲಿ ಇರುವುದಿಲ್ಲ, ದುಡಿಯುವವರ ಜೇಬಿನಲ್ಲಿರುತ್ತದೆ. ಇನ್ನು ಫೋನ್ ಇದ್ದರೂ ಅದು ಬಿಪಿ ನೋಡುವುದಿಲ್ಲ, ಕಾಲಿನ ಗಾಯವನ್ನು ಮುಟ್ಟಿ ನೋಡುವುದಿಲ್ಲ. ಸಿಸ್ಟರ್ ನೋಡುತ್ತಾರೆ.

ಭಾಷೆಯದ್ದೂ ಒಂದು ಕತೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳ ಮಾತು ತೆಲುಗು. ಕೆಜಿಎಫ್‌ನಲ್ಲಿ ತಮಿಳು. ತಲೆ ಸುತ್ತಿದರೆ ನಮ್ಮ ಕಡೆಯ ಅಜ್ಜಿಯರು 'ಕಳ್ಳು ತಿರುಗುತಾಯಿ' ಅಂತಾರೆ. ತೆಲುಗಿನಲ್ಲಿ ಕಳ್ಳು ಅಂದರೆ ಕಣ್ಣು. ತೆಲುಗು ಗೊತ್ತಿಲ್ಲದ ಡಾಕ್ಟರ್ ಆ ಕಡೆಯಿಂದ 'ಅಜ್ಜಿ, ಎಷ್ಟು ದಿನದಿಂದ ಕುಡಿತೀರಾ' ಅಂತ ಕೇಳಿದರೆ ತಪ್ಪು ಯಾರದ್ದು? ಪಕ್ಕದಲ್ಲಿ ಸಿಸ್ಟರ್ ಇದ್ದರೆ ನಕ್ಕು ಸರಿ ಮಾಡುತ್ತಾರೆ.

ನಿಯಮವನ್ನು ಓದಿದರೂ ಇದೇ ಅನ್ನಿಸುತ್ತದೆ. 2020ರ ಮಾರ್ಚ್ 25ರಂದು, ಅಂದರೆ ಲಾಕ್‌ಡೌನ್ ಶುರುವಾದ ದಿನವೇ, ಟೆಲಿಮೆಡಿಸಿನ್‌ಗೆ ಕೇಂದ್ರದ ಮಾರ್ಗಸೂಚಿ ಬಂತು. ಮೊದಲ ಸಲ ಕಾಣುವ ರೋಗಿಗೆ ಬರೀ ಫೋನಿನಲ್ಲಿ ಮಾತಾಡಿ ಎಲ್ಲಾ ಮಾತ್ರೆ ಬರೆಯುವ ಹಾಗಿಲ್ಲ. ಕೆಲವು ಔಷಧಕ್ಕೆ ವಿಡಿಯೋ ಬೇಕು. ನಿದ್ದೆ, ನಶೆ ಬರಿಸುವ ಕೆಲವನ್ನು ಬರೆಯಲೇಬಾರದು. ಆದರೆ ಹಳೆಯ ಕಾಯಿಲೆಗೆ ಮತ್ತೆ ತೋರಿಸುವವರಿಗೆ ಸಡಿಲ ಇದೆ. ಬಿಪಿ, ಶುಗರ್, ಥೈರಾಯ್ಡ್, ಫಿಟ್ಸ್ ಇವೆಲ್ಲಾ ಈ ಸಾಲಿನವೇ. ಒಂದು ಸಲ ಡಾಕ್ಟರ್ ಎದುರು ಕೂತು ತೋರಿಸಿಕೊಳ್ಳಬೇಕು. ಆಮೇಲಿನ ಹತ್ತು ಸಲದಲ್ಲಿ ಏಳೆಂಟು ಸಲ ಊರು ಬಿಟ್ಟು ಹೋಗಬೇಕಾಗಿಲ್ಲ.

ಇಲ್ಲೊಂದು ಷರತ್ತಿದೆ. ಕಾಲ್ ಮುಗಿದ ಮೇಲೆ ಮಾತ್ರೆ ಅಲ್ಲೇ ಸಿಗಬೇಕು. ವಿಡಿಯೋದಲ್ಲಿ ಡಾಕ್ಟರ್ ಬರೆದುಕೊಟ್ಟರು, ಉಪಕೇಂದ್ರದ ಕಪಾಟಿನಲ್ಲಿ ಇಲ್ಲ, ತಾಲ್ಲೂಕು ಆಸ್ಪತ್ರೆಗೆ ಹೋಗಿ ಅಂದರೆ ಏನಾಯಿತು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದ ಹಾಗೆ. ಓಡಾಟ ಉಳಿಯಲಿಲ್ಲ, ಆದರೆ ಕಂಪ್ಯೂಟರ್ ಲೆಕ್ಕದಲ್ಲಿ ಒಂದು ಸಮಾಲೋಚನೆ ಜಾಸ್ತಿಯಾಯಿತು. 10 ಕೋಟಿ ಅನ್ನುವ ಅಂಕಿಯ ಬಗ್ಗೆ ನನಗಿರುವ ತಕರಾರು ಇದೇ. ಅದು ಕಾಲ್‌ಗಳ ಲೆಕ್ಕ. ಎಷ್ಟು ಜನ ಮಾತ್ರೆ ಕೈಯಲ್ಲಿ ಹಿಡಿದು ಮನೆಗೆ ಹೋದರು ಅನ್ನುವ ಲೆಕ್ಕ ಅಲ್ಲ. ದಿನಕ್ಕೆ ಇಷ್ಟು ಕಾಲ್ ಆಗಲೇಬೇಕು ಅಂತ ಮೇಲಿನಿಂದ ಗುರಿ ಹಾಕಿದರೆ, ಸಿಸ್ಟರ್ ಕಾಲ್ ಮಾಡುವುದರಲ್ಲೇ ಇರುತ್ತಾರೆ. ನೆಗಡಿಗೂ ಒಂದು ಕಾಲ್.

ಸರಿ, ಕಾಲ್ ಆಯಿತು, ಮಾತ್ರೆಯೂ ಸಿಕ್ಕಿತು ಅನ್ನೋಣ. ಆ ಕಡೆ ಕೂತಿರುವ ಡಾಕ್ಟರಿಗೆ ಈ ಕಡೆಯ ಊರು ಗೊತ್ತಿದೆಯಾ? ಈ ಪ್ರಶ್ನೆಯನ್ನು ಯಾರೂ ಜಾಸ್ತಿ ಕೇಳುವುದಿಲ್ಲ, ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ.

ಚಿಕ್ಕಮ್ಮನ ಮಂಡಿ ನೋವನ್ನೇ ತೆಗೆದುಕೊಳ್ಳಿ. ವಯಸ್ಸು 58, ಮೈ ಸ್ವಲ್ಪ ದಪ್ಪ. ದೂರದ ಊರಿನ ಡಾಕ್ಟರಿಗೆ ಇದು ಸವೆದ ಮಂಡಿ. ನೋವಿನ ಮಾತ್ರೆ ಬರೆಯುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಪಾವಗಡದಲ್ಲಿ ಕೆಲಸ ಮಾಡಿದ ಡಾಕ್ಟರ್ ಮೊದಲು ಹಲ್ಲು ತೋರಿಸಿ ಅಂತಾರೆ. ಆಮೇಲೆ ಯಾವ ನೀರು ಕುಡಿಯುತ್ತೀರಿ ಅಂತ ಕೇಳುತ್ತಾರೆ. ಪಾವಗಡ, ಶಿರಾ, ಬಾಗೇಪಲ್ಲಿ, ಗುಡಿಬಂಡೆ ಮತ್ತು ಕೋಲಾರ ಜಿಲ್ಲೆಯ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ, ಅಂತ ನಮ್ಮ ದೇಶದ ಮಾನದಂಡ. ಕೆರೆಗಳು ಬತ್ತಿದವು, ಬೋರ್ ಆಳಕ್ಕೆ ಹೋಯಿತು, ಕೆಲವು ಕಡೆ ಸಾವಿರ ಅಡಿ ದಾಟಿತು. ಗಟ್ಟಿ ಬಂಡೆಯ ಮಧ್ಯೆ ಬಹಳ ಕಾಲ ನಿಂತ ನೀರು ಅದು. ಕಲ್ಲಿನಲ್ಲಿರುವ ಫ್ಲೋರೈಡ್ ಅದಕ್ಕೆ ಇಳಿಯುತ್ತದೆ. ಮಕ್ಕಳ ಹಲ್ಲಿನಲ್ಲಿ ಹಳದಿ, ಕಂದು ಪಟ್ಟೆ. ದೊಡ್ಡವರಿಗೆ ಬೆನ್ನು ಬಿಗಿ, ಕೀಲು ಬಿಗಿ, ಕೂತರೆ ಏಳಲಾಗದು. ಇಂಥವರಿಗೆ ತಿಂಗಳು ತಿಂಗಳು ನೋವಿನ ಮಾತ್ರೆ ಕೊಡುತ್ತಾ ಹೋದರೆ ಕಿಡ್ನಿಗೂ ಪೆಟ್ಟು. ಕೊಡಬೇಕಾದ ಮೊದಲ ಔಷಧ ಬೇರೆ ನೀರು.

ಕೆಜಿಎಫ್‌ನ ಕೆಮ್ಮೂ ಹೀಗೇ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆದರೆ ಒಳಗೆ ಇಳಿದು ದುಡಿದವರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಉಳಿದಿದೆ. ಅದನ್ನು ಸಿಲಿಕೋಸಿಸ್ ಅಂತಾರೆ. ಅದು ಇರುವವರಿಗೆ ಕ್ಷಯ ಬರುವ ಸಾಧ್ಯತೆಯೂ ಜಾಸ್ತಿ. 'ಮೊದಲು ಏನು ಕೆಲಸ ಮಾಡ್ತಿದ್ರಿ' ಅಂತ ಕೇಳದೇ ಕೆಮ್ಮಿನ ಸಿರಪ್ ಬರೆದರೆ ಆಯಿತಾ?

ಇಲ್ಲಿ ಕಂಪ್ಯೂಟರ್ ನಿಜವಾಗಿಯೂ ಕೆಲಸಕ್ಕೆ ಬರಬಹುದು. ಕಾಲ್ ಬಂದ ಊರು ಯಾವುದು ಅಂತ ಅದಕ್ಕೆ ಗೊತ್ತು. ಈ ಊರಿನ ನೀರಿನಲ್ಲಿ ಫ್ಲೋರೈಡ್ ಇದೆ ಅಂತ ಡಾಕ್ಟರ್ ಪರದೆಯ ಮೇಲೆ ಒಂದು ಸಾಲು ತೋರಿಸುವುದು ಕಷ್ಟದ ಕೆಲಸ ಅಲ್ಲ. ನೀರಿನ ಪರೀಕ್ಷೆ ಮಾಡುವ ಇಲಾಖೆ ಬೇರೆ, ಮಾತ್ರೆ ಕೊಡುವ ಇಲಾಖೆ ಬೇರೆ, ಅಷ್ಟೇ ಅಡ್ಡಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಒಂದೇ ಹಳ್ಳಿಯಿಂದ ಕೀಲು ನೋವಿನ ಕಾಲ್ ಜಾಸ್ತಿ ಬರುತ್ತಿದ್ದರೆ, ಅಲ್ಲಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದೆಯಾ ಅಂತ ಪಂಚಾಯ್ತಿಗೆ ಒಂದು ಸೂಚನೆ ಹೋಗಬೇಕು.

ಪೂರ್ತಿ ಸರಿಯಾಗಿ ಯೋಚಿಸಿ ಮಾಡಿದ್ದು ಯಾವುದಾದರೂ ಇದೆಯಾ ಅಂದರೆ ನಾನು ಹೃದಯ ಜ್ಯೋತಿಯನ್ನು ತೋರಿಸುತ್ತೇನೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು, ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ ಯೋಜನೆ ಇದು. ಎದೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಅಲ್ಲೇ ಇಸಿಜಿ ತೆಗೆಯುತ್ತಾರೆ. ಅದು ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಕೇಂದ್ರಕ್ಕೆ ಹೋಗುತ್ತದೆ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವೇ ನಿಮಿಷದಲ್ಲಿ ಹೃದಯಾಘಾತ ಹೌದೋ ಅಲ್ಲವೋ ಅಂತ ತಿಳಿಯುತ್ತದೆ. ಹೌದಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ, ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಆಮೇಲೆ ಆಂಬುಲೆನ್ಸ್‌ನಲ್ಲಿ ಮುಂದಕ್ಕೆ.

ಇದರಲ್ಲಿ ರೋಗಿಯ ಕೈಯಲ್ಲಿ ಆಪ್ ಇಲ್ಲ, ಒಟಿಪಿ ಇಲ್ಲ. ತಂತ್ರಜ್ಞಾನ ಇದೆ ಅಂತಲೇ ಅವನಿಗೆ ಗೊತ್ತಾಗುವುದಿಲ್ಲ. ಇಸಿಜಿ ತೆಗೆಯುವವರು ಇದ್ದಾರೆ, ಓದುವವರು ಇದ್ದಾರೆ, ಔಷಧ ಫ್ರಿಜ್‌ನಲ್ಲಿದೆ. ಇದರಲ್ಲಿ ಒಂದು ಕೈಕೊಟ್ಟರೂ ಉಳಿದದ್ದು ಉಪಯೋಗಕ್ಕಿಲ್ಲ ಅಂತ ಯೋಜನೆ ಮಾಡಿದವರಿಗೆ ಗೊತ್ತಿತ್ತು.

ಇನ್ನು ದಾಖಲೆ ವಿಚಾರ. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಶುರುವಾಯಿತು. ಅದರಲ್ಲಿ ಕೊಡುವುದು 14 ಅಂಕಿಯ ಆಭಾ ನಂಬರ್. ನಮ್ಮ ರಿಪೋರ್ಟು, ಚೀಟಿ ಎಲ್ಲಾ ಆ ನಂಬರಿಗೆ ಜೋಡಿಸಿರುತ್ತದೆ, ನಾವು ಒಪ್ಪಿದರೆ ಬೇರೆ ಆಸ್ಪತ್ರೆಯವರು ನೋಡಬಹುದು. ಹಳ್ಳಿಗಳಲ್ಲಿ ಇದನ್ನು 5 ಲಕ್ಷದ ಆಯುಷ್ಮಾನ್ ಕಾರ್ಡ್ ಅಂತ ತಿಳಿದವರು ಬೇಕಾದಷ್ಟು ಜನ ಇದ್ದಾರೆ. ಎರಡೂ ಬೇರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಕೊಡುವುದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ. ಆಭಾ ತೋರಿಸಿದರೆ ಒಂದು ರೂಪಾಯಿಯೂ ಕಡಿಮೆ ಆಗುವುದಿಲ್ಲ. ಹೆಸರುಗಳನ್ನು ಇಷ್ಟು ಹತ್ತಿರ ಹತ್ತಿರ ಇಟ್ಟವರಿಗೆ ಏನು ಹೇಳೋಣ.

ಆದರೆ ಗಡಿ ತಾಲ್ಲೂಕುಗಳಿಗೆ ಇದು ನಿಜವಾಗಿ ಬೇಕಾದದ್ದು. ಪಾವಗಡದಲ್ಲಿ ತೆಗೆಸಿದ ಎಕ್ಸ್‌ರೇ ಪುಟ್ಟಪರ್ತಿಯಲ್ಲಿ ಕಾಣಬೇಕು, ಅಲ್ಲಿ ಬರೆದ ಮಾತ್ರೆ ಮತ್ತೆ ಊರಿನ ಸಿಸ್ಟರಿಗೆ ಕಾಣಬೇಕು. ಈಗ ಅದೆಲ್ಲಾ ಪ್ಲಾಸ್ಟಿಕ್ ಕವರಿನಲ್ಲಿ ಓಡಾಡುತ್ತದೆ. ಚಿಕ್ಕಮ್ಮನ ಕವರನ್ನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೆರೆದೂ ನೋಡದೆ, ಎಲ್ಲಾ ಪರೀಕ್ಷೆಯನ್ನೂ ಮತ್ತೆ ಬರೆದುಕೊಟ್ಟರು. ಕಂಪ್ಯೂಟರಿನಲ್ಲಿ ಇದ್ದಿದ್ದರೆ ನೋಡುತ್ತಿದ್ದರಾ? ಹೇಳೋಕಾಗಲ್ಲ. ಪರೀಕ್ಷೆಯಿಂದ ದುಡ್ಡು ಬರುವ ಕಡೆ ಹಳೆಯ ರಿಪೋರ್ಟು ಯಾರಿಗೆ ಬೇಕು?

ದಾಖಲೆ ಎಲ್ಲಾ ಒಂದೇ ಕಡೆ ಸೇರಿದರೆ ಅಪಾಯವೂ ಇದೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ಸೈಬರ್ ದಾಳಿ ಆಯಿತು. ದೇಶದ ಅಷ್ಟು ದೊಡ್ಡ ಆಸ್ಪತ್ರೆ ಎಷ್ಟೋ ದಿನ ಪೆನ್ನು, ಪೇಪರಿಗೆ ಮರಳಿತು.

ಅದೇ ತಿಂಗಳು ತುಮಕೂರಿನಲ್ಲಿ ನಡೆದದ್ದು ಇನ್ನೊಂದು ಥರದ್ದು. ತುಂಬು ಗರ್ಭಿಣಿಯೊಬ್ಬರು ಸರ್ಕಾರಿ ಆಸ್ಪತ್ರೆಗೆ ಬಂದರು. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಅಂತ ಸೇರಿಸಿಕೊಳ್ಳಲಿಲ್ಲ. ಮನೆಯಲ್ಲೇ ಹೆರಿಗೆಯಾಗಿ ಆಕೆ, ಅವಳಿ ಮಕ್ಕಳು, ಮೂರು ಜೀವವೂ ಹೋಯಿತು. ಸಿಬ್ಬಂದಿ ಅಮಾನತಾದರು, ತುರ್ತು ಚಿಕಿತ್ಸೆಗೆ ದಾಖಲೆ ಕೇಳಬೇಡಿ ಅಂತ ಸರ್ಕಾರ ಹೇಳಿತು. ತಾಯಿ ಕಾರ್ಡ್ ಇರುವುದು ತಾಯಿಯನ್ನು ಕಾಪಾಡಲು. ಅದೇ ಬಾಗಿಲಿಗೆ ಅಗುಳಿಯಾಯಿತು. ಪ್ರತಿ ಹೊಸ ನಂಬರ್ ಬಂದಾಗಲೂ ನನಗೆ ಈ ಘಟನೆ ನೆನಪಾಗುತ್ತದೆ. ಇದು ಕಡ್ಡಾಯ ಅಲ್ಲ ಅಂತ ಕಾಗದದಲ್ಲಿ ಇರುತ್ತದೆ. ಕೌಂಟರಿನಲ್ಲಿ ಕೂತವರಿಗೆ ಅದು ಗೊತ್ತಿದೆಯಾ?

ಲಸಿಕೆಯ ದಿನಗಳು ನೆನಪಿವೆ ಅಲ್ವಾ? 2021ರ ಮೇ ತಿಂಗಳಲ್ಲಿ ಕೋವಿನ್‌ನಲ್ಲಿ ಸ್ಲಾಟ್ ಹಿಡಿಯುವುದೇ ಒಂದು ಪಂದ್ಯ ಆಗಿತ್ತು. ಬೆಂಗಳೂರಿನಲ್ಲಿ ಸ್ಲಾಟ್ ಸಿಗದವರು ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಯ ಕೇಂದ್ರಗಳನ್ನು ಬುಕ್ ಮಾಡಿ ಕಾರಿನಲ್ಲಿ ಬಂದರು. ಊರಿನವರು ಗೇಟಿನ ಹೊರಗೆ ನಿಂತು ನೋಡಿದರು. ಫೋನ್, ಇಂಟರ್ನೆಟ್ ಇಲ್ಲದವರು ಏನು ಮಾಡಬೇಕು ಅಂತ ಆ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟೂ ಕೇಳಿತು. ಬಂದವರ ಮೇಲೆ ನನಗೆ ಕೋಪ ಇಲ್ಲ, ಅವರಿಗೂ ಜೀವಭಯ ಇತ್ತು. ಆದರೆ ವೇಗವಾಗಿ ಬೆರಳು ಓಡಿಸುವವರಿಗೆ ಮೊದಲು ಅಂತ ಒಂದು ವ್ಯವಸ್ಥೆ ಮಾಡಿದರೆ, ಹಳ್ಳಿಯ ಪಾಲು ನಗರಕ್ಕೆ ಹೋಗುವುದು ಖಂಡಿತ.

ಈ ಎಲ್ಲಾ ಪ್ಲಾಟ್‌ಫಾರ್ಮ್‌ಗಳ ಕೆಳಗೆ ನಿಂತಿರುವವರು ಆಶಾ ಕಾರ್ಯಕರ್ತೆಯರು. ರಾಜ್ಯದಲ್ಲಿ 40 ಸಾವಿರಕ್ಕೂ ಜಾಸ್ತಿ ಇದ್ದಾರೆ. ಮನೆ ಮನೆ ಸುತ್ತಿ ವಿವರ ತರುವವರು ಇವರೇ. ಆದರೆ ಅದು ಪೋರ್ಟಲ್‌ನಲ್ಲಿ ಸರಿಯಾಗಿ ದಾಖಲಾಗದಿದ್ದರೆ ಮಾಡಿದ ಕೆಲಸಕ್ಕೂ ಪ್ರೋತ್ಸಾಹಧನ ಬರುವುದಿಲ್ಲ ಅನ್ನುವುದು ಅವರ ಹಳೆಯ ದೂರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಧರಣಿ ಕೂತಾಗಲೂ ಈ ವಿಷಯ ಎತ್ತಿದ್ದರು. ಡಿಜಿಟಲ್ ಆದರೆ ಕೆಲಸ ಹಗುರ ಆಗುತ್ತದೆ ಅಂತಾರೆ. ಇವರಿಗೆ ರಿಜಿಸ್ಟರೂ ಇದೆ, ಆಪ್ ಕೂಡ ಇದೆ.

ಫೋನೇ ಆಸ್ಪತ್ರೆಗಿಂತ ಮೇಲು ಅನ್ನಿಸುವ ಒಂದು ಜಾಗವೂ ಉಂಟು, ಅದು ಮನಸ್ಸಿನ ಕಾಯಿಲೆ. ಸಣ್ಣ ಊರಿನಲ್ಲಿ ಆ ಡಾಕ್ಟರ್ ಬಾಗಿಲಲ್ಲಿ ನಿಂತರೆ ಸಂಜೆಯೊಳಗೆ ಊರಿಗೆಲ್ಲಾ ಗೊತ್ತು. 2022ರ ಅಕ್ಟೋಬರ್ 10ರಂದು ಶುರುವಾದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416. ದುಡ್ಡು ಕೊಡಬೇಕಾಗಿಲ್ಲ, ರಾತ್ರಿ ಹಗಲು ಇರುತ್ತದೆ, ಇದರ ಹಿಂದೆ ನಿಮ್ಹಾನ್ಸ್ ಇದೆ. ಬಟನ್ ಫೋನಿನಿಂದಲೂ ಮಾಡಬಹುದು. ನಂಬರ್ ಬರೆದಿಟ್ಟುಕೊಳ್ಳಿ.

ಸರ್ಕಾರದವರು ನನ್ನನ್ನು ಒಂದೇ ಒಂದು ಕೇಳು ಅಂದರೆ, ಯಾರೂ ಕೇಳುವುದಿಲ್ಲ ಬಿಡಿ, ನಾನು ಕೃತಕ ಬುದ್ಧಿಮತ್ತೆ ಕೇಳುವುದಿಲ್ಲ. ಇವತ್ತು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯಾರಿದ್ದಾರೆ ಅಂತ ಬೆಳಿಗ್ಗೆ ಎಂಟಕ್ಕೆ ತಿಳಿಸಿ ಸಾಕು. ಮೂಳೆ ಡಾಕ್ಟರ್ ಬಂದಿದ್ದಾರಾ, ಸ್ಕ್ಯಾನಿಂಗ್ ಇದೆಯಾ, ಡಯಾಲಿಸಿಸ್ ಮಷೀನ್ ನಡೀತಿದೆಯಾ, ಹಾವಿನ ವಿಷಕ್ಕೆ ಇಂಜೆಕ್ಷನ್ ಇದೆಯಾ. ಒಂದು ವಾಟ್ಸಾಪ್ ಮೆಸೇಜು, ಇಲ್ಲಾ ಪಂಚಾಯ್ತಿ ಬೋರ್ಡಿನಲ್ಲಿ ನಾಲ್ಕು ಸಾಲು. ಬಸ್ ಎಲ್ಲಿದೆ ಅಂತ ಫೋನಿನಲ್ಲಿ ನೋಡುವ ಕಾಲ ಇದು. ಡಾಕ್ಟರ್ ರಜೆ ಅನ್ನುವುದು ಮಾತ್ರ ಆಸ್ಪತ್ರೆ ಮೆಟ್ಟಿಲು ಹತ್ತಿದ ಮೇಲೇ ಗೊತ್ತಾಗಬೇಕಾ? ಇದು ಯಾಕೆ ಬಂದಿಲ್ಲ ಅಂತ ಯೋಚಿಸಿದರೆ ಕಾರಣ ತಂತ್ರಜ್ಞಾನದ್ದಲ್ಲ ಅನ್ನಿಸುತ್ತದೆ. ಯಾರಿದ್ದಾರೆ ಅಂತ ಹಾಕಿದರೆ ಯಾರಿಲ್ಲ ಅಂತಲೂ ಗೊತ್ತಾಗುತ್ತದಲ್ಲ.

ಕೋಲಾರದಲ್ಲಿ ಉಲ್ಟಾ ದಾರಿಯೊಂದನ್ನು ಹಿಡಿದಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಗೃಹ ಆರೋಗ್ಯ ಯೋಜನೆಯನ್ನು ಮೊದಲು ಶುರು ಮಾಡಿದ್ದು ಇದೇ ಜಿಲ್ಲೆಯಲ್ಲಿ. ಸಿಬ್ಬಂದಿ ಮನೆಗೇ ಬಂದು ಬಿಪಿ, ಶುಗರ್ ನೋಡಿ, ಬೇಕಾದವರಿಗೆ ಮಾತ್ರೆ ಕೊಡುವುದು ಅದರ ಉದ್ದೇಶ. ಆಮೇಲೆ ಬೇರೆ ಜಿಲ್ಲೆಗಳಿಗೂ ಬಂತು. ಮನೆಗೆ ಬಂದವರ ಕೈಯಲ್ಲೇ ಟ್ಯಾಬ್ ಇದ್ದು, ಸಕ್ಕರೆ 300 ತೋರಿಸಿದರೆ ಜಗಲಿಯಲ್ಲಿ ಕೂತೇ ಡಾಕ್ಟರ್ ಜೊತೆ ಮಾತಾಡಿಸಿ, ಚೀಲದಿಂದ ಮಾತ್ರೆ ತೆಗೆದು ಕೊಟ್ಟರೆ? ಚಿಕ್ಕಮ್ಮನ ನಾಲ್ಕು ಓಡಾಟದಲ್ಲಿ ಮೂರು ಅಲ್ಲಿಗೇ ಹೋಯಿತು.

ಸದ್ಯಕ್ಕೆ ಅವರಿಗೆ ಮುಂದಿನ ಮಂಗಳವಾರ ಮತ್ತೆ ರಕ್ತ ಪರೀಕ್ಷೆ ಇದೆ. ಲ್ಯಾಬಿನವರು ಅವತ್ತು ಇರುತ್ತಾರಾ ಅಂತ ತಿಳಿಯಬೇಕು. ಊರಿನ ಆಶಾ ಅಕ್ಕನಿಗೆ ಫೋನ್ ಮಾಡಿದ್ದೇನೆ. ಸೋಮವಾರ ಹೇಗೂ ಆ ಕಡೆ ಹೋಗುತ್ತೇನೆ, ಕೇಳಿ ಹೇಳ್ತೀನಿ ಅಂದಿದ್ದಾರೆ.